ಪಾಲಿಕೆಗೆ ನಿಲ್ಲಬೇಕೆಂದರೆ ಮೊದಲು ಯಾರ ಬಾಗಿಲು ತಟ್ಟಬೇಕು?

ವಿದ್ಯಾರಣ್ಯಪುರದ ಓದುಗ (ಚರ್ಚೆ ಆರಂಭಿಸಿದವರು)

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆಯಲ್ಲಿ ಕಳೆದ ಭಾನುವಾರ ಎದ್ದ ಪ್ರಶ್ನೆಯೊಂದಕ್ಕೆ ಅಲ್ಲಿ ಸೇರಿದ್ದವರಲ್ಲಿ ಯಾರಿಂದಲೂ ಸರಿಯಾದ ಉತ್ತರ ಬರಲಿಲ್ಲವಾದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ಬಿಬಿಎಂಪಿಯ 198 ವಾರ್ಡುಗಳಿಗೆ 2015ರ ಆಗಸ್ಟ್‌ನಲ್ಲಿ ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರವನ್ನು ನಡೆಸಿದರು. ಈ ನಡುವೆ ಕಾಗದದ ಮೇಲೆ ವಾರ್ಡುಗಳ ಸಂಖ್ಯೆ ಒಮ್ಮೆ 243 ಆಯಿತು, ಇನ್ನೊಮ್ಮೆ 225 ಆಯಿತು, ಕಡೆಗೆ 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು ಬಿಬಿಎಂಪಿಯೇ ಐದು ನಗರ ಪಾಲಿಕೆಗಳಾಗಿ ಒಡೆಯಿತು. ಇಷ್ಟು ದೀರ್ಘ ಅಂತರದಿಂದಾಗಿ, ಮತದಾನದ ವಯಸ್ಸಿಗೆ ಬಂದ ಎಷ್ಟೋ ಯುವಕರು ಕಾರ್ಪೊರೇಟರ್ ಚುನಾವಣೆಯ ನಾಮಪತ್ರ ಸಲ್ಲಿಕೆಯನ್ನು ಕಣ್ಣಾರೆ ಕಂಡೇ ಇಲ್ಲ.

ನಮ್ಮ ಸಂಘದಲ್ಲಿ ರಾಜಕಾಲುವೆಯ ಒತ್ತುವರಿಗಾಗಿ, ಕಸದ ಗಾಡಿಗಾಗಿ, ಬೀದಿದೀಪಕ್ಕಾಗಿ ಹತ್ತು ವರ್ಷಗಳಿಂದ ಕಚೇರಿ ಕಚೇರಿ ಅಲೆದ ಮಹಿಳೆಯೊಬ್ಬರಿದ್ದಾರೆ. ಅವರೇ ನಿಲ್ಲಲಿ ಎಂದು ಎಲ್ಲರೂ ಒತ್ತಾಯಿಸಿದಾಗ ಅವರು, "ನಿಲ್ಲುತ್ತೇನೆ, ಆದರೆ ಮೊದಲು ಯಾರ ಬಾಗಿಲು ತಟ್ಟಬೇಕು ಹೇಳಿ" ಎಂದರು. ಒಬ್ಬರು ಚುನಾವಣಾಧಿಕಾರಿಯ ಕಚೇರಿ ಎಂದರು. ಇನ್ನೊಬ್ಬರು ಶಾಸಕರ ಮನೆ ಎಂದರು. ಸಭೆ ನಕ್ಕಿತು, ಆದರೆ ಪ್ರಶ್ನೆ ಹಾಗೇ ಉಳಿಯಿತು. ಬಲ್ಲವರು ವಿವರಿಸಬೇಕಾಗಿ ಕೋರುತ್ತೇನೆ.

ನಿವೃತ್ತ ಕಂದಾಯ ನೌಕರ

ಮೂರು ಸ್ಥಳೀಯ ಸಂಸ್ಥೆಗಳ ಚುನಾವಣೆಗಳಲ್ಲಿ ನಾಮಪತ್ರ ಸ್ವೀಕರಿಸುವ ಮೇಜಿನ ಬಳಿ ಕುಳಿತು ಕೆಲಸ ಮಾಡಿದವನಾಗಿ, ಮೊದಲ ಬಾಗಿಲಿನ ಬಗ್ಗೆ ನಾನು ಹೇಳಬಲ್ಲೆ.

ಈ ಚುನಾವಣೆಯನ್ನು ನಡೆಸುವುದು ದೆಹಲಿಯ ಆಯೋಗವಲ್ಲ, ಸಂವಿಧಾನದ 74ನೆಯ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯ ಚುನಾವಣಾ ಆಯೋಗ. ಸ್ಪರ್ಧಿಸುವವರಿಗೆ 21 ವರ್ಷ ತುಂಬಿರಬೇಕು. ವಿಧಾನಸಭೆಗೆ 25 ಆಗಬೇಕಿರುವುದರಿಂದ ಎಷ್ಟೋ ಮಂದಿ ಇಲ್ಲೂ ಹಾಗೆಯೇ ಎಂದು ಭಾವಿಸಿರುತ್ತಾರೆ. ಅಭ್ಯರ್ಥಿಯ ಹೆಸರು ಆ ನಗರದ ಮತದಾರರ ಪಟ್ಟಿಯಲ್ಲಿರಬೇಕು; ತಾನು ನಿಲ್ಲುವ ವಾರ್ಡಿನಲ್ಲೇ ಇರಬೇಕೆಂದಿಲ್ಲ. ಆದರೆ ನಾಮಪತ್ರಕ್ಕೆ ಸಹಿ ಹಾಕುವ ಸೂಚಕರು ಮಾತ್ರ ಅದೇ ವಾರ್ಡಿನ ಮತದಾರರಾಗಿರಬೇಕು. ನಾಮಪತ್ರದ ಜೊತೆಗೆ ಠೇವಣಿಯ ರಸೀದಿ, ಆಸ್ತಿ–ಸಾಲ–ವಿದ್ಯಾರ್ಹತೆ–ಕ್ರಿಮಿನಲ್ ಮೊಕದ್ದಮೆಗಳನ್ನು ಘೋಷಿಸುವ ಪ್ರಮಾಣಪತ್ರ, ಮೀಸಲು ವಾರ್ಡಾದರೆ ತಹಶೀಲ್ದಾರರು ನೀಡಿದ ಜಾತಿ ಪ್ರಮಾಣಪತ್ರ ಇವೆಲ್ಲ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಠೇವಣಿ ಅರ್ಧ. ಸಾಮಾನ್ಯವಾಗಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ನಾಮಪತ್ರ ತೆಗೆದುಕೊಳ್ಳುತ್ತಾರೆ. ಕೊನೆಯ ದಿನ 3 ಗಂಟೆಗೆ ಬಾಗಿಲು ಹಾಕಿದಾಗ ಒಳಗಿದ್ದವರಿಗಷ್ಟೇ ಚೀಟಿ ಕೊಟ್ಟು ಸರದಿಯಂತೆ ಕರೆಯುತ್ತಾರೆ.

ಕೇಳಲು ಇದೆಲ್ಲ ಸರಳ. ಆದರೆ ನನ್ನ ಕಣ್ಣೆದುರೇ ಒಂದು ನಾಮಪತ್ರ ಹೇಗೆ ಬಿದ್ದಿತೆಂಬುದನ್ನು ಹೇಳುತ್ತೇನೆ. ಪಕ್ಷೇತರರಾಗಿ ನಿಂತಿದ್ದ ನಿವೃತ್ತ ಶಿಕ್ಷಕರೊಬ್ಬರು ಎಲ್ಲ ದಾಖಲೆಗಳನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಒಪ್ಪವಾಗಿ ಜೋಡಿಸಿ ತಂದಿದ್ದರು. ಅವರ ಸೂಚಕರು ಇಪ್ಪತ್ತು ವರ್ಷಗಳ ನೆರೆಯವರು, ಎದುರು ಸಾಲಿನ ಮನೆಯವರು. ಪರಿಶೀಲನೆಯ ದಿನ ಎದುರಾಳಿಯ ಏಜೆಂಟರು ಎದ್ದು ನಿಂತು, ಹೊಸ ವಿಂಗಡಣೆಯಲ್ಲಿ ವಾರ್ಡಿನ ಗಡಿ ಆ ರಸ್ತೆಯ ನಡುವೆಯೇ ಹಾದುಹೋಗಿರುವುದನ್ನು, ಎದುರು ಸಾಲು ಪಕ್ಕದ ವಾರ್ಡಿಗೆ ಸೇರಿರುವುದನ್ನು ತೋರಿಸಿದರು. ಮತದಾರರ ಪಟ್ಟಿ ತೆರೆದು ನೋಡಿದರೆ ಮಾತು ನಿಜವಾಗಿತ್ತು. ಮೇಷ್ಟ್ರು ಒಂದು ಮಾತನ್ನೂ ಆಡದೆ ಪ್ಲಾಸ್ಟಿಕ್ ಹಾಳೆಗಳನ್ನು ಮತ್ತೆ ಒಂದೊಂದಾಗಿ ಜೋಡಿಸಿಕೊಂಡು ಹೋದರು.

ಕರಿಕೋಟು

ನೌಕರರು ಹೇಳಿದ್ದು ಸರಿಯಾಗಿದೆ. ಎರಡು ಅಂಶಗಳನ್ನು ಸೇರಿಸುತ್ತೇನೆ.

ಒಂದು, ಅನರ್ಹತೆ. ಪಾಲಿಕೆಯೊಂದಿಗೆ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಇರುವವರು, ಪಾಲಿಕೆಗೆ ಸಲ್ಲಬೇಕಾದ ಬಾಕಿ ಉಳಿಸಿಕೊಂಡವರು ಪರಿಶೀಲನೆಯಲ್ಲಿ ತೊಂದರೆಗೆ ಸಿಲುಕುತ್ತಾರೆ. ಆಸ್ತಿ ತೆರಿಗೆಯ ರಸೀದಿಗಳನ್ನು ಆ ಮಹಿಳೆ ಈಗಲೇ ಒಂದೆಡೆ ಇಟ್ಟುಕೊಳ್ಳುವುದು ಒಳ್ಳೆಯದು.

ಎರಡು, ನಾಮಪತ್ರ ತಿರಸ್ಕೃತವಾದರೆ ಮರುದಿನವೇ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತರಬಹುದೆಂಬ ಭ್ರಮೆ ಬೇಡ. 1952ರಲ್ಲೇ, ಮದ್ರಾಸ್ ವಿಧಾನಸಭೆಗೆ ನಾಮಕ್ಕಲ್‌ನಿಂದ ಸಲ್ಲಿಸಿದ ನಾಮಪತ್ರ ತಿರಸ್ಕೃತವಾದ ಪೊನ್ನುಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚುನಾವಣೆ ಎಂದರೆ ಮತದಾನದ ದಿನವಷ್ಟೇ ಅಲ್ಲ, ಅಧಿಸೂಚನೆಯಿಂದ ಫಲಿತಾಂಶದವರೆಗಿನ ಇಡೀ ಪ್ರಕ್ರಿಯೆ ಎಂದು ಹೇಳಿ, ನಡುವೆ ಕೈಹಾಕಲು ನಿರಾಕರಿಸಿತು. ನಗರಾಡಳಿತ ಸಂಸ್ಥೆಗಳ ಮಟ್ಟಿಗೆ ಇದೇ ತಡೆಯನ್ನು ಸಂವಿಧಾನದ 243ಝಡ್‌ಜಿ ವಿಧಿ ಹಾಕಿದೆ. ಫಲಿತಾಂಶದ ಬಳಿಕ ಚುನಾವಣಾ ತಕರಾರು ಅರ್ಜಿ ಸಲ್ಲಿಸಬಹುದು. ಅದು ಇತ್ಯರ್ಥವಾಗುವಷ್ಟರಲ್ಲಿ ಅವಧಿಯ ಬಹುಭಾಗ ಕಳೆದಿರುವುದೂ ಉಂಟು. ಆದ್ದರಿಂದ ಪರಿಶೀಲನೆಯ ಆ ಒಂದು ದಿನ, ಒಬ್ಬ ಅಧಿಕಾರಿಯ ಮೇಜಿನ ಮೇಲೆ ಆಗುವ ತೀರ್ಮಾನವೇ ವ್ಯವಹಾರದಲ್ಲಿ ಅಂತಿಮ ತೀರ್ಮಾನ.

ಇಷ್ಟಾದರೂ ನಾನು ಹೇಳುವುದೇನೆಂದರೆ, ಈ ಬಾಗಿಲಿಗೆ ಕಾನೂನಿದೆ, ವೇಳಾಪಟ್ಟಿಯಿದೆ, ಕಾರಣ ಬರೆದು ಸಹಿ ಹಾಕಬೇಕಾದ ಅಧಿಕಾರಿಯಿದ್ದಾರೆ. ಇನ್ನೊಂದು ಬಾಗಿಲಿಗೆ ಇವು ಯಾವುವೂ ಇಲ್ಲ.

ಒಂದು ಕಾಲದ ಆಕಾಂಕ್ಷಿ

ವಕೀಲರು ಬಿಟ್ಟಲ್ಲಿಂದ ನಾನು ಮುಂದುವರಿಸುತ್ತೇನೆ, ಏಕೆಂದರೆ ಆ ಇನ್ನೊಂದು ಬಾಗಿಲ ಮುಂದೆ ನಾನು ನಾಲ್ಕು ತಿಂಗಳು ಕಾದಿದ್ದೇನೆ. ಊರಿನ ಹೆಸರಾಗಲಿ ಪಕ್ಷದ ಹೆಸರಾಗಲಿ ಹೇಳುವುದಿಲ್ಲ. ಬೇರೆ ಪಕ್ಷಗಳಲ್ಲಿದ್ದ ಗೆಳತಿಯರ ಅನುಭವವೂ ಭಿನ್ನವಾಗಿರಲಿಲ್ಲ.

ಪಕ್ಷದ ಕಚೇರಿಯಲ್ಲಿ ಶುಲ್ಕ ಕಟ್ಟಿ ಅರ್ಜಿ ಹಾಕುವುದರಿಂದ ಇದು ಆರಂಭವಾಗುತ್ತದೆ. ಟಿಕೆಟ್ ಅರ್ಜಿಗೆ ಹಣ ಕಟ್ಟಿಸಿಕೊಳ್ಳುವುದು ಗುಟ್ಟಿನ ವಿಷಯವೇನಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಅರ್ಜಿ ನಮೂನೆಗೆ 5,000 ರೂಪಾಯಿ, ಸಾಮಾನ್ಯ ವರ್ಗದ ಆಕಾಂಕ್ಷಿಗಳಿಂದ 2 ಲಕ್ಷ ರೂಪಾಯಿಯ ಡಿಡಿ ಎಂದು ಬಹಿರಂಗವಾಗಿಯೇ ನಿಗದಿ ಮಾಡಿತ್ತು. ವಾರ್ಡ್ ಮಟ್ಟದಲ್ಲಿ ಮೊತ್ತ ಚಿಕ್ಕದು, ಕಾಯುವಿಕೆ ಮಾತ್ರ ಅಷ್ಟೇ ಉದ್ದ. ಅರ್ಜಿಯ ನಂತರ ವೀಕ್ಷಕರು ಬರುತ್ತಾರೆ, ಒಂದು ಕಲ್ಯಾಣ ಮಂಟಪದಲ್ಲಿ ಕುಳಿತು ಪ್ರತಿಯೊಬ್ಬರನ್ನೂ ಐದು ನಿಮಿಷ ಮಾತನಾಡಿಸುತ್ತಾರೆ. ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಯಜಮಾನ್ರು ಏನ್ ಮಾಡ್ತಾರಮ್ಮಾ?" ಎರಡನೆಯದು, "ಖರ್ಚಿಗೆ ಏನ್ ವ್ಯವಸ್ಥೆ ಮಾಡ್ಕೊಂಡಿದೀರಿ?" ವಾರ್ಡಿನ ಕುಡಿಯುವ ನೀರಿನ ಕೊಳವೆಗಳ ನಕ್ಷೆಯನ್ನೇ ನಾನು ಬರೆದುಕೊಂಡು ಹೋಗಿದ್ದೆ, ಅದನ್ನು ಚೀಲದಿಂದ ಹೊರತೆಗೆಯುವ ಸಂದರ್ಭವೇ ಬರಲಿಲ್ಲ.

ವೀಕ್ಷಕರ ವರದಿ ಏನೇ ಇರಲಿ, ಆ ವಿಧಾನಸಭಾ ಕ್ಷೇತ್ರದಲ್ಲಿ ಪಕ್ಷದ ಶಾಸಕರಿದ್ದರೆ ಅವರ ಪಟ್ಟಿಯೇ ಪಟ್ಟಿ. ಶಾಸಕರಿಲ್ಲದ ಕಡೆ ಕಳೆದ ಸಲ ಸೋತವರ ಪಟ್ಟಿ. ಇದರಲ್ಲಿ ಒಂದು ತರ್ಕವೂ ಇದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಾಳೆ ಶಾಸಕರ ಚುನಾವಣೆಯಲ್ಲಿ ಮನೆಮನೆ ತಿರುಗಬೇಕಾದವರು ಇದೇ ಕಾರ್ಪೊರೇಟರ್‌ಗಳು. ತಮಗೆ ಮುಂದೆ ಪೈಪೋಟಿಯಾಗಬಲ್ಲವರನ್ನು ಯಾವ ಶಾಸಕರು ತಾನೇ ಬೆಳೆಸುತ್ತಾರೆ?

ಕೊನೆಗೆ ಬಿ ಫಾರಂ. ಅದು ಒಂದು ಹಾಳೆ. ಇಂಥವರೇ ನಮ್ಮ ಪಕ್ಷದ ಅಧಿಕೃತ ಅಭ್ಯರ್ಥಿ, ಇವರಿಗೇ ಪಕ್ಷದ ಚಿಹ್ನೆ ಕೊಡಿ ಎಂದು ಪಕ್ಷದಿಂದ ಅಧಿಕಾರ ಪಡೆದವರು ಶಾಯಿಯಲ್ಲಿ ಸಹಿ ಹಾಕಿ ಚುನಾವಣಾಧಿಕಾರಿಗೆ ಬರೆದುಕೊಡುವ ಪತ್ರ. ಮೊದಲೇ ಕೊಟ್ಟರೆ ಸಿಗದವರು ಬಂಡಾಯವೇಳುತ್ತಾರೆಂದು ಅದನ್ನು ಕೊನೆಯ ಗಳಿಗೆಯವರೆಗೆ ಹಿಡಿದಿಟ್ಟುಕೊಳ್ಳುತ್ತಾರೆ. ಕೊನೆಯ ದಿನದ ಹಿಂದಿನ ರಾತ್ರಿ ನಾವು ಒಂಬತ್ತು ಜನ ಆಕಾಂಕ್ಷಿಗಳು ಒಬ್ಬ ನಾಯಕರ ಮನೆಯ ಪೋರ್ಟಿಕೋದಲ್ಲಿದ್ದೆವು. ಬೆಳಗಿನ ಜಾವ ಒಂದು ಗಂಟೆಯ ಹೊತ್ತಿಗೆ ಒಳಗಿನಿಂದ ಒಬ್ಬ ಹುಡುಗ ಬಂದು, "ನಾಳೆ ಹತ್ತಕ್ಕೆ ಬರ್ಬೇಕಂತೆ" ಎಂದ. ಹತ್ತಕ್ಕೆ ಹೋದಾಗ ಬಿ ಫಾರಂ ಆಗಲೇ ಬೇರೆಯವರ ಕಾರಿನಲ್ಲಿ ಚುನಾವಣಾಧಿಕಾರಿಯ ಕಚೇರಿಯ ಕಡೆ ಹೊರಟಿತ್ತು. ನನಗೆ ಯಾಕೆ ಸಿಗಲಿಲ್ಲವೆಂದು ಇಂದಿಗೂ ಯಾರೂ ಹೇಳಿಲ್ಲ. ತಿರಸ್ಕೃತವಾದ ನಾಮಪತ್ರಕ್ಕಾದರೂ ಲಿಖಿತ ಕಾರಣ ಸಿಗುತ್ತದೆ.

ಧಾರವಾಡದ ಸಂಶೋಧಕಿ

ಅಕ್ಕನವರ ಬರಹವನ್ನು ಎರಡು ಸಲ ಓದಿದೆ. ಆದರೆ ಈ ಎರಡು ಬಾಗಿಲುಗಳಿಗೂ ಮುಂಚೆ ಒಂದು ಹೊಸ್ತಿಲಿದೆ, ಅದು ಮೀಸಲಾತಿ ಪಟ್ಟಿ. ಪಾಲಿಕೆಯ ಒಟ್ಟು ಸ್ಥಾನಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಅವರ ಜನಸಂಖ್ಯೆಯ ಪ್ರಮಾಣದಲ್ಲಿ, ಹಿಂದುಳಿದ ವರ್ಗಗಳಿಗೆ ಗರಿಷ್ಠ ಮೂರನೇ ಒಂದು ಭಾಗದಷ್ಟು, ಎಲ್ಲ ಸೇರಿ ಅರ್ಧವನ್ನು ಮೀರದಂತೆ ಸ್ಥಾನಗಳನ್ನು ಮೀಸಲಿಡಲಾಗುತ್ತದೆ. ಹಿಂದುಳಿದ ವರ್ಗದ ಸ್ಥಾನಗಳಲ್ಲಿ ಶೇಕಡಾ 80 ‘ಎ’ ಗುಂಪಿಗೆ, ಶೇಕಡಾ 20 ‘ಬಿ’ ಗುಂಪಿಗೆ. ಪ್ರತಿ ವರ್ಗದೊಳಗೂ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ. ಯಾವ ವಾರ್ಡು ಯಾವ ವರ್ಗಕ್ಕೆ ಎಂಬುದನ್ನು ಗೊತ್ತುಪಡಿಸುವುದು ಆಯೋಗವಲ್ಲ, ರಾಜ್ಯ ಸರ್ಕಾರ. ಚುನಾವಣೆಗಳು ಮುಂದೂಡಲ್ಪಡುವುದಕ್ಕೆ ಬಹುಪಾಲು ಕಾರಣವಾಗುವುದೂ ಇದೇ ಪಟ್ಟಿಯ ಮತ್ತು ವಾರ್ಡ್ ವಿಂಗಡಣೆಯ ಮೇಲಿನ ವ್ಯಾಜ್ಯಗಳು.

ಮಹಿಳಾ ಮೀಸಲಾತಿಯಿಂದ ಆದ ಒಳಿತನ್ನು ಕಡೆಗಣಿಸುವವಳು ನಾನಲ್ಲ. ಅರ್ಧದಷ್ಟು ಸ್ಥಾನಗಳಲ್ಲಿ ಹೆಣ್ಣುಮಕ್ಕಳು ಕುಳಿತಿರುವ ಸಭಾಂಗಣದ ಕಳೆಯೇ ಬೇರೆ. ಆದರೆ ವಾರ್ಡಿನ ಮೀಸಲಾತಿ ಮುಂದಿನ ಸಲ ಬದಲಾಗುವ ಸಂಭವವೇ ಹೆಚ್ಚಾದ್ದರಿಂದ, ಒಂದು ವಾರ್ಡಿನಲ್ಲಿ ಐದು ವರ್ಷ ದುಡಿದವರಿಗೆ ಅಲ್ಲೇ ಮತ್ತೆ ನಿಲ್ಲುವ ಭರವಸೆಯಿಲ್ಲ. ಪಟ್ಟಿ ಪ್ರಕಟವಾದ ದಿನ ಪುರುಷ ನಾಯಕರು ಮೊದಲು ಹುಡುಕುವುದು ತಮ್ಮ ವಾರ್ಡಿನ ಮುಂದೆ ಏನಿದೆ ಎಂಬುದನ್ನು. ‘ಸಾಮಾನ್ಯ ಮಹಿಳೆ’ ಎಂದಿದ್ದರೆ ಅದೇ ಸಂಜೆ ಹೆಂಡತಿಯ ಭಾವಚಿತ್ರವಿರುವ ಹಬ್ಬದ ಶುಭಾಶಯದ ಫ್ಲೆಕ್ಸ್ ಮುದ್ರಣಕ್ಕೆ ಹೋಗುತ್ತದೆ. ಯಜಮಾನರು ಏನು ಮಾಡುತ್ತಾರೆ ಎಂಬ ಪ್ರಶ್ನೆ ಬರುವುದು ಅಲ್ಲಿಂದಲೇ.

ಟಿಕೆಟ್ ಹಂಚಿಕೆಯ ತಪ್ಪಿಗೆ ಪಕ್ಷಗಳು ಬೆಲೆಯನ್ನೂ ತೆರುತ್ತವೆ. ನಮ್ಮ ಹುಬ್ಬಳ್ಳಿ–ಧಾರವಾಡ ಪಾಲಿಕೆಗೆ 2021ರ ಸೆಪ್ಟೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ 82 ವಾರ್ಡುಗಳ ಪೈಕಿ ಬಿಜೆಪಿ 39, ಕಾಂಗ್ರೆಸ್ 33 ಗೆದ್ದವು. ಪಕ್ಷೇತರರು 6 ಕಡೆ ಗೆದ್ದರು. ಸರಳ ಬಹುಮತಕ್ಕೆ 42 ಬೇಕಿದ್ದ ಸಭೆಯಲ್ಲಿ ಆ ಆರು ಜನರ ತೂಕ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬೆಳಗಾವಿಯ ಮೇಷ್ಟ್ರು

ಪಕ್ಷಗಳಿಲ್ಲದಿದ್ದರೆ ಈ ತೊಂದರೆ ಇರುವುದಿಲ್ಲ, ಗ್ರಾಮ ಪಂಚಾಯಿತಿಯಂತೆ ಪಾಲಿಕೆಗೂ ಪಕ್ಷರಹಿತ ಚುನಾವಣೆ ನಡೆಯಲಿ ಎಂದು ಯಾರಾದರೂ ಹೇಳುವ ಮುಂಚೆ ನಮ್ಮ ಊರಿನ ಕಥೆಯನ್ನು ಕೇಳಬೇಕು. ಬೆಳಗಾವಿ ಪಾಲಿಕೆಯಲ್ಲಿ ದಶಕಗಳ ಕಾಲ ರಾಜಕೀಯ ಪಕ್ಷಗಳು ಅಧಿಕೃತವಾಗಿ ಬಿ ಫಾರಂ ಕೊಟ್ಟು ಅಭ್ಯರ್ಥಿಗಳನ್ನು ನಿಲ್ಲಿಸುತ್ತಲೇ ಇರಲಿಲ್ಲ. ದಾಖಲೆಯಲ್ಲಿ ಎಲ್ಲರೂ ಪಕ್ಷೇತರರು. ವಾಸ್ತವದಲ್ಲಿ ಮರಾಠಿ ಗುಂಪು, ಕನ್ನಡ ಗುಂಪು, ಉರ್ದು ಗುಂಪು. ಮಹಾರಾಷ್ಟ್ರ ಏಕೀಕರಣ ಸಮಿತಿಯ ಮುಖಂಡರು ಒಂದು ಕಡೆ ಕುಳಿತು ಹೆಸರು ಅಂತಿಮಗೊಳಿಸಿದರೆ, ಕನ್ನಡದ ಮತಗಳು ಒಡೆಯಬಾರದೆಂದು ಕನ್ನಡ ಸಂಘಟನೆಗಳವರು ಇನ್ನೊಂದು ಕಡೆ ಕುಳಿತು ಒಬ್ಬರನ್ನು ಉಳಿಸಿ ಮತ್ತೊಬ್ಬರನ್ನು ಕಣದಿಂದ ಹಿಂದೆ ಸರಿಸಲು ಹೆಣಗುತ್ತಿದ್ದರು. ನಾಮಪತ್ರ ಹಿಂದಕ್ಕೆ ಪಡೆಯುವ ದಿನದ ಗದ್ದಲ ಸಲ್ಲಿಸುವ ದಿನದ ಗದ್ದಲಕ್ಕಿಂತ ದೊಡ್ಡದಾಗಿರುತ್ತಿತ್ತು.

2021ರಲ್ಲಿ ಮೊದಲ ಬಾರಿಗೆ ಪಕ್ಷಗಳು ಚಿಹ್ನೆಯ ಮೇಲೆ ಇಳಿದವು. 58 ವಾರ್ಡುಗಳಲ್ಲಿ ಬಿಜೆಪಿ 35 ಗೆದ್ದಿತು, ಕಾಂಗ್ರೆಸ್ 10. ಗೆದ್ದ ಪಕ್ಷದಲ್ಲಿ ಮರಾಠಿ ಮಾತನಾಡುವವರೂ ಕನ್ನಡ ಮಾತನಾಡುವವರೂ ಇದ್ದರು, ಭಾಷೆಯ ಗೆರೆ ಮಸುಕಾಯಿತು. ನನ್ನ ಅನಿಸಿಕೆ ಇಷ್ಟೇ: ಪಕ್ಷ ಬರುವ ಮುಂಚೆ ನಮ್ಮ ಅಭ್ಯರ್ಥಿಯನ್ನು ಆರಿಸುತ್ತಿದ್ದುದು ಮತದಾರರಲ್ಲ, ಬಂದ ಮೇಲೂ ಮತದಾರರಲ್ಲ. ಹೆಸರು ಓದುವ ಕೋಣೆ ಬದಲಾಯಿತು, ಬಾಗಿಲು ಮುಚ್ಚಿಕೊಂಡೇ ಇದೆ. ಒಂದೇ ಅನುಕೂಲವೆಂದರೆ ಈಗ ಯಾರನ್ನು ಬೈಯಬೇಕೆಂಬುದು ಗೊತ್ತಿದೆ.

ಕ್ವೀನ್ಸ್ ಕನ್ನಡಿಗ

ನ್ಯೂಯಾರ್ಕ್ ನಗರದಲ್ಲಿ ಬಾಗಿಲು ಹೇಗೆ ತೆರೆದಿದೆ ಎಂಬುದನ್ನು ಹೇಳಿದರೆ ಹೋಲಿಕೆಗೆ ಉಪಯೋಗವಾದೀತು. ಇಲ್ಲಿ ನಗರ ಪರಿಷತ್ತಿಗೆ ಒಂದು ಪಕ್ಷದಿಂದ ನಿಲ್ಲಬೇಕಾದರೆ ಮೊದಲು ಆ ಪಕ್ಷದ ಒಳಚುನಾವಣೆಯ ಮತಪತ್ರದಲ್ಲಿ ಹೆಸರು ಬರಬೇಕು, ಅದಕ್ಕೆ ಆ ಜಿಲ್ಲೆಯಲ್ಲಿ ವಾಸಿಸುವ, ಅದೇ ಪಕ್ಷದಲ್ಲಿ ನೋಂದಾಯಿಸಿಕೊಂಡ 450 ಮತದಾರರ ಸಿಂಧುವಾದ ಸಹಿಗಳು ಬೇಕು. ಮೇಯರ್ ಸ್ಥಾನಕ್ಕೆ 3,750 ಸಹಿಗಳು. ಯಾವ ನಾಯಕರ ಪತ್ರವೂ ಬೇಕಿಲ್ಲ. ಚಳಿ ಇನ್ನೂ ಬಿಡದ ದಿನಗಳಲ್ಲಿ ಕಾರ್ಯಕರ್ತರು ರಟ್ಟಿಗೆ ಕ್ಲಿಪ್ಪು ಹಾಕಿದ ಹಸಿರು ಹಾಳೆ ಹಿಡಿದು ರೈಲು ನಿಲ್ದಾಣದ ಮೆಟ್ಟಿಲ ಬಳಿ ನಿಂತಿರುತ್ತಾರೆ. ಒಮ್ಮೆ ನಮ್ಮ ಮನೆಗೂ ಬಂದರು. ನಾನು ಯಾವ ಪಕ್ಷದಲ್ಲೂ ನೋಂದಾಯಿಸಿಕೊಂಡಿಲ್ಲವೆಂದು ತಿಳಿದ ಕೂಡಲೇ ವಂದನೆ ಹೇಳಿ ಪಕ್ಕದ ಮನೆಗೆ ನಡೆದರು.

ಇದು ಸ್ವರ್ಗವೆಂದು ತಿಳಿಯಬೇಡಿ. ಎದುರಾಳಿಯ ವಕೀಲರು ಒಂದೊಂದೇ ಸಹಿಯನ್ನು ಹಿಡಿದು ವಿಳಾಸ ತಪ್ಪು, ಪಕ್ಷ ತಪ್ಪು ಎಂದು ಆಕ್ಷೇಪಿಸಿ ಅಭ್ಯರ್ಥಿಯನ್ನು ಮತಪತ್ರದಿಂದಲೇ ಹೊರಹಾಕುವುದು ಇಲ್ಲಿನ ಹಳೆಯ ವಿದ್ಯೆ. ಅದಕ್ಕೇ ಎಲ್ಲರೂ ಬೇಕಾದುದರ ಎರಡು ಮೂರು ಪಟ್ಟು ಸಹಿ ಕೂಡಿಡುತ್ತಾರೆ. ನಿವೃತ್ತ ನೌಕರರು ಹೇಳಿದ ಆ ಮೇಷ್ಟ್ರ ಕಥೆ ಇಲ್ಲಿ ನನಗೆ ಹೊಸದೆನಿಸಲಿಲ್ಲ.

ಕರಿಕೋಟು

ಕ್ವೀನ್ಸ್‌ನವರ ಮಾತು ಕೇಳಿ ಒಳಚುನಾವಣೆ ನಮ್ಮಲ್ಲೂ ಬರಲಿ ಎನ್ನುವವರು, ನಮ್ಮಲ್ಲಿ ಯಾವ ಮತದಾರರೂ ಪಕ್ಷವಾರು ನೋಂದಣಿಯಾಗಿಲ್ಲ ಎಂಬುದನ್ನು ಗಮನಿಸಬೇಕು. ಪಕ್ಷದ ಸದಸ್ಯತ್ವದ ಪಟ್ಟಿ ಪಕ್ಷದ ಕೈಯಲ್ಲೇ ಇರುವಾಗ ಅದರೊಳಗಿನ ಮತದಾನವೂ ಅವರ ಕೈಯಲ್ಲೇ ಇರುತ್ತದೆ. ಮೇಯರ್ ಸ್ಥಾನವಂತೂ ಇನ್ನೂ ದೂರ: ಗೆದ್ದ ಸದಸ್ಯರ ಪೈಕಿ ಆ ಅವಧಿಯ ಮೀಸಲಾತಿಗೆ ಹೊಂದುವವರು ಸಭೆಯಲ್ಲೇ ನಾಮಪತ್ರ ಸಲ್ಲಿಸುತ್ತಾರೆ. 2015ರಲ್ಲಿ ಬೆಂಗಳೂರಿನ 198ರಲ್ಲಿ 100 ವಾರ್ಡುಗಳನ್ನು ಬಿಜೆಪಿ ಗೆದ್ದರೂ, ಮತದಾನದ ಹಕ್ಕಿದ್ದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರ ಬಲದಿಂದ ಮೇಯರ್ ಸ್ಥಾನ ಕಾಂಗ್ರೆಸ್–ಜೆಡಿಎಸ್ ಮೈತ್ರಿಗೆ ಹೋಯಿತು. ಬಿ ಫಾರಂ ಮೇಲೆ ಗೆದ್ದವರು ಪಕ್ಷದ ವಿಪ್ (ಇಂಥವರಿಗೇ ಮತ ಹಾಕಿ ಎಂಬ ಆದೇಶ) ಮೀರಿದರೆ 1987ರ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವವೇ ಹೋಗಬಹುದು. ಅಂದರೆ ಆ ಹಾಳೆಯ ಋಣ ನಾಮಪತ್ರದ ದಿನಕ್ಕೇ ತೀರುವುದಿಲ್ಲ.

ಒಂದು ಕಾಲದ ಆಕಾಂಕ್ಷಿ

ಒಪ್ಪುತ್ತೇನೆ. ಆದರೆ ಒಳಚುನಾವಣೆಯಷ್ಟು ದೊಡ್ಡದನ್ನು ಕೇಳದೆ, ಚಿಕ್ಕದೊಂದನ್ನು ಕೇಳಬಹುದಲ್ಲವೇ? ಆಕಾಂಕ್ಷಿಗಳ ಹೆಸರುಗಳನ್ನು ವಾರ್ಡಿನಲ್ಲಿ ಪ್ರಕಟಿಸಲಿ, ಎಲ್ಲರನ್ನೂ ಒಂದು ಸಂಜೆ ಸಾರ್ವಜನಿಕವಾಗಿ ಮಾತನಾಡಿಸಲಿ, ಬಿ ಫಾರಂ ಅನ್ನು ಕೊನೆಯ ದಿನಕ್ಕೆ ಒಂದು ವಾರ ಮುಂಚೆ ಕೊಡಲಿ. ಬಂಡಾಯವೇಳುವವರು ಏಳಲಿ. ಕಾನೂನು ತಿದ್ದುಪಡಿಯೂ ಬೇಡ, ಹೈಕಮಾಂಡಿನ ಅಪ್ಪಣೆಯೂ ಬೇಡ. ಒಂದು ಪಕ್ಷದ ನಗರ ಘಟಕ ಮನಸ್ಸು ಮಾಡಿದರೆ ಸಾಕು. ಕನಿಷ್ಠ ನನ್ನ ನೀರಿನ ನಕ್ಷೆಯನ್ನು ಯಾರಾದರೂ ನೋಡುತ್ತಿದ್ದರು.

ವಿದ್ಯಾರಣ್ಯಪುರದ ಓದುಗ

ಎಲ್ಲರ ಉತ್ತರಗಳನ್ನೂ ಮುದ್ರಿಸಿ ಆ ಮಹಿಳೆಗೆ ಕೊಟ್ಟೆ. ಪೂರ್ತಿ ಓದಿ, ಪೋರ್ಟಿಕೋದಲ್ಲಿ ಕಾಯುವಷ್ಟು ತಾಳ್ಮೆ ತಮಗಿಲ್ಲ, ಪಕ್ಷೇತರರಾಗಿಯೇ ನಿಲ್ಲುವುದಾಗಿ ಹೇಳಿದರು. ಸೋಲುವ ಸಂಭವವೇ ಹೆಚ್ಚೆಂದು ನಾನು ಎಚ್ಚರಿಸಿದಾಗ, ಹತ್ತು ವರ್ಷ ರಾಜಕಾಲುವೆಗಾಗಿ ಅಲೆದಾಗಲೂ ಎಲ್ಲರೂ ಹಾಗೆಯೇ ಹೇಳಿದ್ದರೆಂದು ನಕ್ಕರು. ಸೂಚಕರಾಗಲು ನಾನೇ ಒಪ್ಪಿದ್ದೇನೆ. ನಮ್ಮ ರಸ್ತೆಯ ಎರಡೂ ಬದಿ ಒಂದೇ ವಾರ್ಡಿನಲ್ಲಿದೆಯೇ ಎಂಬುದನ್ನು ಮಾತ್ರ ಇನ್ನೂ ನೋಡಬೇಕು.

ನಿವೃತ್ತ ಕಂದಾಯ ನೌಕರ

ನಕ್ಷೆಯನ್ನು ನಂಬಬೇಡಿ, ವಾರ್ಡುವಾರು ಅಂತಿಮ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರನ್ನೇ ಹುಡುಕಿ. ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ. ಪೂರಕ ಪಟ್ಟಿ ಬಂದ ಮೇಲೆ ಇನ್ನೊಮ್ಮೆ ತಾಳೆ ನೋಡಿ ಆಮೇಲೆ ಶಾಯಿಯಲ್ಲಿ ತುಂಬಿ. ನಾಮಪತ್ರ ಸಲ್ಲಿಸಲು ಕೊನೆಯ ದಿನವನ್ನು ಕಾಯದೆ, ಮೊದಲ ದಿನವೇ ಬೆಳಿಗ್ಗೆ 11ಕ್ಕೆ ಹೋಗಿ. ಆ ಹೊತ್ತಿಗೆ ನಮ್ಮ ಮೇಜಿನ ಮುಂದೆ ಯಾರೂ ಇರುವುದಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಬರಲು ದಿನಗಳೂ ಇರುತ್ತವೆ.